ಒಳಬಂದ ನಾಯಿ, ಹೊರಟ ನಾಯಿ

ನಾಯಿಯ ಹೆಸರಿನಲ್ಲಿ ಭೂಮಿ ಬಿಟ್ಟ ಶಾಸನವೊಂದು ಕನ್ನಡದಲ್ಲಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ ಆ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಕಾಲ ಕ್ರಿ.ಶ. 949–50. ತಕ್ಕೋಲದ ಕಾಳಗದಲ್ಲಿ ಚೋಳರ ವಿರುದ್ಧ ಕಾದಿದ ಮಣಲೇರನಿಗೆ ಅರಸ ಏನು ಬೇಕಾದರೂ ಕೇಳು ಅಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆಮೇಲೆ ಬೇಳತೂರಿನ ಗುಡ್ಡದಲ್ಲಿ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಒಂದನ್ನೊಂದು ಕಚ್ಚಿ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಗುಡಿಯ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆಂದು ಕಲ್ಲಿನ ಮೇಲೇ ಬರೆಸಿದರು.

ದತ್ತಿ, ಅದನ್ನು ನಡೆಸಲು ಒಬ್ಬ ಮನುಷ್ಯ, ಅವನ ಮೇಲೊಂದು ಕರಾರು: ಸಂಸ್ಥೆ ಅನ್ನಿಸಿಕೊಳ್ಳಲು ಬೇಕಾದದ್ದೆಲ್ಲ ಅಲ್ಲಿದೆ. ನಾಯಿ ಮಾತ್ರ ಸತ್ತುಹೋಗಿದೆ. ಬದುಕಿರುವ ನಾಯಿಗೆ, ಅದೂ ಹೊಡೆತ ತಿಂದ, ಯಾರಿಗೂ ಬೇಡವಾದ ನಾಯಿಗೆ ಇಂಥ ಏರ್ಪಾಡು ಆಗಲು ಸಾವಿರ ವರ್ಷ ಹಿಡಿಯಿತು. ನಾಯಿಗಳಿಗೆ ಆಶ್ರಯ ಕೊಡುವ ಸಂಸ್ಥೆಗಳ ಸ್ಮರಣ ಸಂಚಿಕೆ ಅಂದರೆ ಅಧ್ಯಕ್ಷರ ಫೋಟೊ, ದಾನಿಗಳ ಪಟ್ಟಿ, ನಡುವೆ ಒಂದಿಷ್ಟು ಇತಿಹಾಸ ಎಂಬ ರೂಢಿ ಇದೆ. ಫೋಟೊ, ಪಟ್ಟಿಗಳ ಕೆಲಸ ಬೇರೆಯವರು ಮಾಡಲಿ. ಈ ಸಂಸ್ಥೆಗಳು ಎಲ್ಲಿ ಹುಟ್ಟಿದವು, ಎಲ್ಲಿ ಎಡವಿದವು ಎಂಬುದನ್ನು ಧಾರವಾಡ ತಾಲ್ಲೂಕಿನ ಉಪ್ಪಿನಬೆಟಗೇರಿಯಲ್ಲಿ ಕೂತು ನೋಡಿದಷ್ಟನ್ನು ನಾನು ಹೇಳುತ್ತೇನೆ.

ನಮ್ಮೂರಲ್ಲಿ ನಾಯಿಗೆಂದು ಸಂಸ್ಥೆ ಯಾವತ್ತೂ ಇರಲಿಲ್ಲ. ಓಣಿ ಇತ್ತು. ಮೂರುಸಾವಿರ ವಿರಕ್ತಮಠದ ಊರು ಇದು, ಕರೆನೆಲದ ಊರು, ಜೋಳದ ರೊಟ್ಟಿಯ ಊರು. ರೊಟ್ಟಿ ಬಡಿಯುವಾಗ ಕಡೆಯದನ್ನು ತುಸು ದಪ್ಪಗೆ ತಟ್ಟಿ ಬೇಯಿಸಿ ಹೊರಗೆ ಒಗೆಯುವ ಪದ್ಧತಿ ಎಷ್ಟೋ ಮನೆಗಳಲ್ಲಿತ್ತು. ಯಾರ ನಾಯಿ ಇದು ಅಂತ ಕೇಳಿದರೆ “ನಮ್ಮ ಮನೀದಲ್ರಿ, ಓಣೀದು” ಅನ್ನುತ್ತಿದ್ದರು. ಆ ನಾಯಿ ಓಣಿಯ ಎಲ್ಲರನ್ನೂ ಬಲ್ಲದು, ಹೊರಗಿನವರನ್ನು ಬೊಗಳಿ ಓಡಿಸುವುದು, ಹೆಣ್ಣಾದರೆ ಹಿತ್ತಲ ಬಣವೆಯ ಬುಡದಲ್ಲಿ ಮರಿ ಹಾಕುವುದು. ಬಾಣಂತಿ ನಾಯಿಗೆ ಒಂದಿಷ್ಟು ನುಚ್ಚು, ಮಜ್ಜಿಗೆ ಹೋಗುತ್ತಿತ್ತು. ಮೈಲಾರಲಿಂಗನ ಒಕ್ಕಲಿನವರಿಗೆ ನಾಯಿ ಅಂದರೆ ದೇವರ ಕಡೆಯದು. ಮೈಲಾರ, ದೇವರಗುಡ್ಡದ ಜಾತ್ರೆಗಳಲ್ಲಿ ಗೊರವಪ್ಪಗಳು ದೋಣಿ ಎಂಬ ಪಾತ್ರೆಯೊಳಗಿನ ಎಡೆಯನ್ನು ನಾಯಿಯಂತೆ ಬೊಗಳಿ ಬಾಯಿಹಾಕಿ ತಿನ್ನುವುದನ್ನು ಕಂಡವರು ನಮ್ಮೂರಲ್ಲೂ ಇದ್ದಾರೆ.

ಹಾಗೆಂದು ಓಣಿಯನ್ನು ಹಾಡಿ ಹೊಗಳಲು ನಾನು ತಯಾರಿಲ್ಲ. ಅದೇ ಓಣಿಯಲ್ಲಿ ಹೆಣ್ಣುಮರಿಗಳನ್ನು ಚೀಲಕ್ಕೆ ತುಂಬಿ ಹಳ್ಳದ ದಂಡೆಗೆ ಬಿಟ್ಟು ಬರುತ್ತಿದ್ದರು. ಕಜ್ಜಿ ಹತ್ತಿದ ನಾಯಿಗೆ ಬಿಸಿನೀರು ಗೊಜ್ಜುತ್ತಿದ್ದರು. ಹುಚ್ಚು ಹಿಡಿದಿದೆ ಎಂಬ ಗುಮಾನಿಯೊಂದೇ ಸಾಕು, ಬಡಿಗೆಗಳು ಹೊರಬೀಳುತ್ತಿದ್ದವು. ಆ ಭಯಕ್ಕೆ ಕಾರಣವೂ ಇತ್ತು. ಕಡಿಸಿಕೊಂಡವರು ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಚುಚ್ಚಿಸಿಕೊಳ್ಳಬೇಕಿತ್ತು. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ ನಿಂತದ್ದು 2004ರಲ್ಲಿ.

ಸಂಸ್ಥೆಯ ಕತೆ ಶುರುವಾಗುವುದು ಮುಂಬಯಿಯಲ್ಲಿ. 1818ರಿಂದ ರಾಜ್ಯ ಪುನರ್ವಿಂಗಡಣೆಯ 1956ರವರೆಗೆ ಧಾರವಾಡಕ್ಕೂ ರಾಜಧಾನಿ ಅದೇ ಆಗಿತ್ತು, ಹಾಗಾಗಿ ಅದು ಪರಊರಿನ ಸುದ್ದಿಯೇನಲ್ಲ. ಬೇಸಿಗೆಯಲ್ಲಿ ಬೀದಿನಾಯಿಗಳನ್ನು ಕೊಲ್ಲಬಹುದೆಂಬ ಕಾಯಿದೆ ಅಲ್ಲಿ ಮೊದಲಿಂದ ಇತ್ತು. 1832ರಲ್ಲಿ ಆ ಅವಧಿಯನ್ನು ಜೂನ್‌ವರೆಗೆ ಎಳೆದರು. ಕೊಂದ ಪ್ರತಿ ನಾಯಿಗೆ ಎಂಟಾಣೆ ಇನಾಮು. ಇನಾಮಿನಾಸೆಗೆ ಸಿಪಾಯಿಗಳು ಮನೆಯಂಗಳಕ್ಕೂ ನುಗ್ಗಿ ಸಾಕಿದ ನಾಯಿಗಳನ್ನೇ ಹೊಡೆಯತೊಡಗಿದರು. ನಾಯಿಯನ್ನು ಪವಿತ್ರವೆಂದು ಕಾಣುವ ಪಾರ್ಸಿಗಳು ಜೂನ್ 6ರಂದು ತಿರುಗಿಬಿದ್ದರು. ಮರುದಿನ ಅಂಗಡಿಗಳು ಮುಚ್ಚಿದವು, ಸೈನ್ಯಕ್ಕೆ ರೊಟ್ಟಿ, ನೀರು ಹೋಗದಂತಾಯಿತು. ಗಲಾಟೆ ತಣ್ಣಗಾದ ಮೇಲೆ ಜಮ್‌ಶೇಟ್‌ಜಿ ಜೀಜೀಭಾಯಿ ಮೊದಲಾದ ಶೇಠರು, ನಾಯಿಗಳನ್ನು ಕೊಲ್ಲುವ ಬದಲು ಹಿಡಿದು ಬೇರೆಡೆ ಸಾಗಿಸಿ ಎಂದು ಅರ್ಜಿ ಕೊಟ್ಟರು. 1834ರಲ್ಲಿ ಪ್ರಾಣಿಗಳ ಆಶ್ರಯತಾಣವಾಗಿ ಮುಂಬಯಿ ಪಾಂಜರಪೋಳ ಹುಟ್ಟಿತು.

ಪಾಂಜರಪೋಳದ ದೊಡ್ಡ ಗುಣ, ಒಳಗೆ ಬಂದ ಪ್ರಾಣಿಯನ್ನು ಕೊಲ್ಲುವುದಿಲ್ಲ ಎಂಬುದು. ಅದರ ಕೊರತೆಯೂ ಅಲ್ಲೇ ಇತ್ತು. ಒಳಬಂದದ್ದು ಹೊರಗೆ ಹೋಗುವ ದಾರಿಯನ್ನು ಯಾರೂ ಯೋಚಿಸಿರಲಿಲ್ಲ. ವ್ಯಾಪಾರಸ್ಥರ ಜತೆ ಈ ಪದ್ಧತಿ ಊರೂರಿಗೆ ಹಬ್ಬಿತು. ಹಬ್ಬುತ್ತ ಹಬ್ಬುತ್ತ ಅದು ಮುದಿ ದನಗಳ ತಾಣವಾಯಿತೇ ಹೊರತು ನಾಯಿಗೆ ಅಲ್ಲಿ ಹೆಚ್ಚು ಜಾಗ ಉಳಿಯಲಿಲ್ಲ.

ಮುಂದಿನ ನೂರು ವರ್ಷವನ್ನು ಬೇಗ ದಾಟಬಹುದು. ನಗರಸಭೆಗಳು ನಾಯಿ ಹಿಡಿದು ಕೊಲ್ಲುವುದನ್ನು ನೈರ್ಮಲ್ಯದ ಕೆಲಸವೆಂದು ಬಗೆದವು, ದಯಾಸಂಘಗಳು ಹೆಚ್ಚಾಗಿ ಟಾಂಗಾ ಕುದುರೆಯ, ಗಾಡಿ ಎತ್ತಿನ ಕಡೆ ಗಮನ ಕೊಟ್ಟವು. ರಾಜ್ಯಸಭೆಯಲ್ಲಿ ರುಕ್ಮಿಣೀದೇವಿ ಅರುಂಡೇಲ್ ಖಾಸಗಿ ಮಸೂದೆ ತಂದು ಪಟ್ಟು ಹಿಡಿದ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆ ಬಂತು. 1962ರಲ್ಲಿ ಅವರದೇ ಅಧ್ಯಕ್ಷತೆಯಲ್ಲಿ ಮದರಾಸಿನಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಶುರುವಾಯಿತು. ಕಾಯಿದೆಯ 11ನೇ ಕಲಮು ಓದಿದರೆ ಯಾವುದೂ ಬಿಟ್ಟುಹೋಗಿಲ್ಲ: ಹೊಡೆಯುವುದು, ಉಪವಾಸ ಕೆಡವುವುದು, ಸದಾ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕುವುದು, ಹಸಿವು ನೀರಡಿಕೆಯಿಂದ ನರಳುವಂತೆ ನಡುದಾರಿಯಲ್ಲಿ ಬಿಟ್ಟುಬರುವುದು ಎಲ್ಲ ಅಪರಾಧ. ಮೊದಲ ಸಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಐವತ್ತರ ಆ ಮಿತಿ ಇವತ್ತಿಗೂ ಹಾಗೇ ಇದೆ. ಧಾರವಾಡದಲ್ಲಿ ಎರಡು ಪ್ಲೇಟ್ ಗಿರಮಿಟ್ಟಿಗೂ ಸಾಲದ ಹಣ ಅದು. ಪ್ರಾಣಿ ಕೊಂದವರಿಗೆ ಐದು ವರ್ಷದವರೆಗೆ ಶಿಕ್ಷೆ ಎಂಬುದು, ಪ್ರಾಣಿಯ ಬೆಲೆ ಎಷ್ಟು ಎಂದು ಕೇಳದೆಯೇ, ಕಾನೂನಿಗೆ ಬಂದದ್ದು 2024ರ ಜುಲೈಯಲ್ಲಿ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಿಂದ. ಹಳೆಯ ದಂಡಸಂಹಿತೆ ಹತ್ತು ರೂಪಾಯಿ, ಐವತ್ತು ರೂಪಾಯಿ ಎಂದು ಪ್ರಾಣಿಯ ಕಿಮ್ಮತ್ತು ಕಟ್ಟಿ ಶಿಕ್ಷೆ ಹೇಳುತ್ತಿತ್ತು. ಓಣಿ ನಾಯಿಗೆ ಯಾವ ಕಿಮ್ಮತ್ತು?

ಕರ್ನಾಟಕದಲ್ಲಿ ನಾಯಿಯನ್ನೇ ಮುಂದಿಟ್ಟುಕೊಂಡು ಎದ್ದ ಸಂಸ್ಥೆ ಎಂದರೆ ನನಗೆ ಮೊದಲು ನೆನಪಾಗುವುದು ಕ್ಯೂಪಾ, ಅಂದರೆ ಕಂಪ್ಯಾಶನ್ ಅನ್‌ಲಿಮಿಟೆಡ್ ಪ್ಲಸ್ ಆ್ಯಕ್ಷನ್. 1991ರಲ್ಲಿ ಬೆಂಗಳೂರಿನಲ್ಲಿ ಇದನ್ನು ಹುಟ್ಟುಹಾಕಿದವರು ಕ್ರಿಸ್ಟಲ್ ರಾಜರ್ಸ್ ಎಂಬ ಬ್ರಿಟಿಷ್ ಹೆಣ್ಣುಮಗಳು. ದಿಲ್ಲಿಯ ದಾರಿಬದಿಯಲ್ಲಿ ಬಿದ್ದು ಒದ್ದಾಡುತ್ತಿದ್ದ ಕುದುರೆಯೊಂದನ್ನು ಕಂಡು ಈ ದೇಶದಲ್ಲೇ ಉಳಿದವರು. ದಿಲ್ಲಿಯಲ್ಲಿ ಒಂದು ಆಶ್ರಯತಾಣ ಕಟ್ಟಿದರು. ಅಲ್ಲಿಂದ ಜಯಪುರಕ್ಕೆ ಹೋಗಿ 1980ರಲ್ಲಿ ಹೆಲ್ಪ್ ಇನ್ ಸಫರಿಂಗ್ ಕಟ್ಟಿದರು. ಬೆಂಗಳೂರಿಗೆ ಬರುವ ಹೊತ್ತಿಗೆ ವಯಸ್ಸು ಎಂಬತ್ತು ದಾಟಿತ್ತು. ಆ ವಯಸ್ಸಿನಲ್ಲಿ ನಮ್ಮ ಕಡೆ ಹಿರಿಯರು ಕಟ್ಟೆಯ ಮೇಲೆ ಕೂತು ಊರಿನ ಲೆಕ್ಕ ಮಾಡುತ್ತಾರೆ. ಈ ಮುದುಕಿ ಮೂರನೆಯ ಸಂಸ್ಥೆ ಶುರು ಮಾಡಿ, ಐದು ವರ್ಷ ನಡೆಸಿ, 1996ರಲ್ಲಿ ತೀರಿಕೊಂಡರು. ಆಮೇಲೂ ಅದು ಮುಚ್ಚಲಿಲ್ಲ. ಸುಪರ್ಣಾ ಬಕ್ಷಿ ಗಂಗೂಲಿ ಅವರಂಥವರು ಅದನ್ನು ಮುಂದುವರಿಸಿದರು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆವರಣದಲ್ಲಿ ಅದರ ಆಶ್ರಯತಾಣ ನಡೆಯಿತು. ಕಟ್ಟಿದವರು ಹೋದಮೇಲೂ ಸಂಸ್ಥೆ ನಿಲ್ಲಬೇಕಾದರೆ ಬಾಗಿಲ ಪಕ್ಕದಲ್ಲೇ ವೈದ್ಯರಿರಬೇಕು ಎಂಬುದು ಈ ಜಾಗದ ಆಯ್ಕೆಯಿಂದ ತಿಳಿಯುತ್ತದೆ. ಮಮತೆ ಇದ್ದೂ ವೈದ್ಯರಿಲ್ಲದೆ, ಪಾರ್ವೊ ರೋಗ ಬಂದು ಒಂದು ವಾರದಲ್ಲಿ ಮರಿಗಳೆಲ್ಲ ಸತ್ತು ಮುಚ್ಚಿಹೋದ ತಾಣಗಳು ಎಷ್ಟೋ ಇವೆ.

ನಾಯಿಯನ್ನು ಉಳಿಸುವುದು ಅಂದರೆ ಏನು ಕೆಲಸ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು, ಫೋಟೊದಲ್ಲಿ ಕಾಣುವುದು ಅದರ ಕಡೆಯ ಭಾಗ ಮಾತ್ರ. ಮಳೆಗಾಲದಲ್ಲಿ ಅತಿ ಹೆಚ್ಚು ಬರುವುದು ಹುಳ ಬಿದ್ದ ಗಾಯ. ಮರಿಯಿದ್ದಾಗ ಕೊರಳಿಗೆ ಕಟ್ಟಿದ ಹಗ್ಗ, ನಾಯಿ ಬೆಳೆದಂತೆ ಚರ್ಮದೊಳಗೆ ಇಳಿದು, ನೊಣ ಕೂತು ಮೊಟ್ಟೆಯಿಟ್ಟು, ಮೇಲೆ ನೋಡಿದರೆ ಬೊಟ್ಟಿನಷ್ಟು ತೂತು, ಒಳಗೆ ಹಿಡಿಯಷ್ಟು ಪೊಳ್ಳು. ಮೊದಲು ಬಾಯಿಗೆ ಪಟ್ಟಿ ಕಟ್ಟಬೇಕು, ನೋವಿನಲ್ಲಿರುವ ನಾಯಿ ಅನ್ನ ಹಾಕಿದ ಕೈಯನ್ನೂ ಕಡಿಯುತ್ತದೆ. ಸುತ್ತಲಿನ ಕೂದಲು ಕತ್ತರಿಸಿ, ಟರ್ಪೆಂಟೈನ್ ಎಣ್ಣೆ ಬಿಟ್ಟರೆ ಹುಳುಗಳು ಮೇಲೆದ್ದು ಬರುತ್ತವೆ. ಅವನ್ನು ಚಿಮಟದಲ್ಲಿ ಒಂದೊಂದಾಗಿ ತೆಗೆದು ತಟ್ಟೆಗೆ ಹಾಕಬೇಕು. ಎಲ್ಲ ಮುಗಿಯಿತು ಅನ್ನುವಾಗ ಆಳದಿಂದ ಇನ್ನೊಂದು ಸಾಲು ಏಳುತ್ತದೆ. ಮರುದಿನ ಮತ್ತೆ ಅದೇ ಕೆಲಸ. ನಮ್ಮೂರಲ್ಲಿ ಇದಕ್ಕೆ ಸೀತಾಫಲದ ಎಲೆ ಅರೆದು ಹಿಂಡುತ್ತಿದ್ದರು, ಡಾಂಬರ ಗುಳಿಗೆ ಪುಡಿ ತುಂಬುತ್ತಿದ್ದರು. ಗುಳಿಗೆಯ ಪುಡಿಯನ್ನು ನಾಯಿ ನೆಕ್ಕಿದರೆ ಅದೇ ವಿಷ. ಗಾಯ ಮಾಯ್ದ ಮೇಲೆ ಉಳಿಯುವುದು ಇನ್ನೊಂದು ಕೆಲಸ, ಅದಕ್ಕೆ ಮದ್ದಿಲ್ಲ. ಯಾರಾದರೂ ಪೊರಕೆ ಎತ್ತಿದರೆ ಮೂಲೆಗೆ ಸರಿದು ಉಚ್ಚೆ ಹೊಯ್ದುಕೊಳ್ಳುವ ನಾಯಿ, ತಾಟಿನ ಮುಂದೆ ಮನುಷ್ಯ ನಿಂತರೆ ತಿನ್ನದ ನಾಯಿ. ಇವಕ್ಕೆ ತಿಂಗಳುಗಟ್ಟಲೆ ಒಬ್ಬರೇ ಅನ್ನ ಹಾಕಬೇಕು, ಅದೇ ಹೊತ್ತಿಗೆ ಹಾಕಬೇಕು.

ಓಣಿಯ ನಾಯಿಗಳದ್ದೇ ಕತೆಯಾಗಿದ್ದರೆ ಸಂಸ್ಥೆಗಳ ಕೆಲಸ ಸುಲಭವಿತ್ತು. ನಗರಗಳು ಬೆಳೆದಂತೆ ಜಾತಿನಾಯಿಗಳು ಬಂದವು. ಮರಿ ಮಾರುವವರ ಶೆಡ್ಡಿನಲ್ಲಿ ವರ್ಷವರ್ಷವೂ ಈಯ್ದು ಈಯ್ದು ಮೊಲೆ ಜೋತುಬಿದ್ದ, ಹಲ್ಲು ಉದುರಿದ ತಾಯಿನಾಯಿಗಳನ್ನು ರಾತ್ರೋರಾತ್ರಿ ಹೆದ್ದಾರಿಗೆ ಬಿಡುವುದು ಶುರುವಾಯಿತು. ನಾಯಿ ಸಾಕಣೆ ಮತ್ತು ಮಾರಾಟದ ನಿಯಮಗಳು 2017ರಲ್ಲಿ ಬಂದು, ಎಂಟು ವಾರ ತುಂಬದ ಮರಿಯನ್ನು ಮಾರಕೂಡದು, ನೋಂದಣಿ ಇಲ್ಲದೆ ದಂಧೆ ಮಾಡಕೂಡದು ಎಂದವು. ನಿಯಮ ಕಾಗದದಲ್ಲಿ ಗಟ್ಟಿಯಾಗಿದೆ. ಮೊಬೈಲಿನಲ್ಲಿ ಮರಿಯ ಫೋಟೊ ಕಳಿಸಿ, ಬಸ್ ನಿಲ್ದಾಣದಲ್ಲಿ ರಟ್ಟಿನ ಡಬ್ಬಿಯೊಳಗೆ ಕೈಗಿಡುವ ವ್ಯಾಪಾರಕ್ಕೆ ಅದು ಇನ್ನೂ ತಟ್ಟಿಲ್ಲ.

ಇನ್ನೊಂದು ಅಧ್ಯಾಯ ಸ್ಮರಣ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ಬರುವುದಿಲ್ಲ, ಬರಬೇಕು. 1959ರಲ್ಲಿ ಮದರಾಸಿನಲ್ಲಿ ಹುಟ್ಟಿದ ಬ್ಲೂ ಕ್ರಾಸ್, ನಾಯಿ ಕೊಂದು ಸಂಖ್ಯೆ ಇಳಿಸಲಾಗದು, ಸಂತಾನಹರಣ ಚಿಕಿತ್ಸೆ ಮಾಡಿ ಅದೇ ಜಾಗಕ್ಕೆ ಬಿಡಬೇಕು ಎಂದು ದಶಕಗಳ ಕಾಲ ವಾದಿಸಿತು. ಜಯಪುರದಲ್ಲಿ ಹೆಲ್ಪ್ ಇನ್ ಸಫರಿಂಗ್ 1994ರಿಂದ ಅದನ್ನು ಮಾಡಿ ತೋರಿಸಿತು. ಹೆಣ್ಣುನಾಯಿಗಳಲ್ಲಿ ಶೇ 65ರಷ್ಟಕ್ಕೆ ಚಿಕಿತ್ಸೆ ಆದಾಗ ನಾಯಿಗಳ ಸಂಖ್ಯೆ ಶೇ 28ರಷ್ಟು ತಗ್ಗಿತ್ತು, ಕೆಲಸ ನಡೆದ ಪ್ರದೇಶದಲ್ಲಿ ಮನುಷ್ಯರಿಗೆ ರೇಬಿಸ್ ಬರುವುದು ನಿಂತಿತ್ತು. 2001ರಲ್ಲಿ ಕೇಂದ್ರ ಸರ್ಕಾರ ಇದನ್ನೇ ನಿಯಮ ಮಾಡಿತು. ಬೆಂಗಳೂರಿನಲ್ಲಿ ಕ್ಯೂಪಾ ಸೇರಿದಂತೆ ಹಲವು ಸಂಸ್ಥೆಗಳು ಪಾಲಿಕೆಯ ಪರವಾಗಿ ಈ ಕೆಲಸ ಹೊತ್ತವು. 2007ರ ಆರಂಭದಲ್ಲಿ ಬೆಂಗಳೂರಿನಲ್ಲಿ ಇಬ್ಬರು ಮಕ್ಕಳು ಬೀದಿನಾಯಿಗಳ ದಾಳಿಗೆ ಸಿಕ್ಕಿ ಸತ್ತರು. ಜನ ಸಿಟ್ಟಿಗೆದ್ದರು, ನಾಯಿಗಳನ್ನು ಸಾಮೂಹಿಕವಾಗಿ ಹಿಡಿಯುವುದು ನಡೆಯಿತು, ದಯಾಸಂಘಗಳೇ ಕಾರಣ ಎಂಬ ಬೈಗುಳ ಬಿತ್ತು. ಮಕ್ಕಳನ್ನು ಕಳೆದುಕೊಂಡ ಮನೆಯ ಮುಂದೆ ನಿಂತು ಶೇಕಡಾ ಲೆಕ್ಕ ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಆದರೂ ಲೆಕ್ಕ ಲೆಕ್ಕವೇ. ಅರ್ಧಂಬರ್ಧ ಚಿಕಿತ್ಸೆ ಆದ ಊರಲ್ಲಿ ಉಳಿದ ಹೆಣ್ಣುನಾಯಿಗಳು ಎರಡೇ ವರ್ಷದಲ್ಲಿ ಸಂಖ್ಯೆ ತುಂಬಿಕೊಡುತ್ತವೆ. ಗುತ್ತಿಗೆ ಹಿಡಿದ ಸಂಸ್ಥೆಗಳು ಈ ಮಾತನ್ನು ಇನ್ನೂ ಜೋರಾಗಿ ಹೇಳಬೇಕಿತ್ತು ಎಂಬುದು ನನ್ನ ಅನಿಸಿಕೆ.

ಆಶ್ರಯತಾಣದ ಹಿರಿಮೆಯನ್ನು ಅಳೆಯುವ ಕ್ರಮ ಬದಲಾದದ್ದು ಹೀಗೆ. ಮೊದಲೆಲ್ಲ ವರದಿಯಲ್ಲಿ “ಈ ವರ್ಷ ಇಷ್ಟು ನಾಯಿಗಳಿಗೆ ಆಶ್ರಯ” ಎಂದು ಹೆಮ್ಮೆಯಿಂದ ಬರೆಯುತ್ತಿದ್ದರು. ಒಳಬಂದವು ನೂರು, ಹೊರಟವು ಹತ್ತು ಆದರೆ ಮೂರನೇ ವರ್ಷಕ್ಕೆ ಒಂದೊಂದು ಗೂಡಿನಲ್ಲಿ ಆರಾರು ನಾಯಿ, ಅವುಗಳ ಕಾದಾಟ, ಕೆಮ್ಮು, ಕಜ್ಜಿ. ಪಾಂಜರಪೋಳದ ಹಳೆಯ ಕೊರತೆಯೇ ಮತ್ತೆ ಎದುರಿಗೆ. ಆಗ ದತ್ತು ಕೊಡುವುದು ಪಕ್ಕದ ಕೆಲಸವಾಗಿ ಉಳಿಯದೆ ಮುಖ್ಯ ಕೆಲಸವಾಯಿತು. ಕ್ಯೂಪಾ ಅದಕ್ಕೆಂದೇ ಸೆಕೆಂಡ್ ಚಾನ್ಸ್ ಎಂಬ ಪ್ರತ್ಯೇಕ ಕೇಂದ್ರ ತೆರೆಯಿತು. ಮೂರು ಕಾಲಿನ ನಾಯಿಯೊಂದರ ಹೆಸರಿನಲ್ಲಿ 2013ರಲ್ಲಿ ಸುಧಾ ನಾರಾಯಣನ್ ಬೆಂಗಳೂರಿನಲ್ಲಿ ಚಾರ್ಲೀಸ್ ಆ್ಯನಿಮಲ್ ರೆಸ್ಕ್ಯೂ ಸೆಂಟರ್ ಆರಂಭಿಸಿದರು. ಬೀದಿಯ ನಾಯಿಗಳನ್ನು ದತ್ತು ಕೊಡುವುದಕ್ಕೆ ಪ್ರಾಣಿ ಕಲ್ಯಾಣ ಮಂಡಳಿ 2022ರಲ್ಲಿ ಒಂದು ಮಾದರಿ ಕ್ರಮವನ್ನೇ ಹೊರಡಿಸಿತು.

ದತ್ತು ಕೇಳಲು ಹೋದವರಿಗೆ ಮೊದಲ ಅರ್ಧ ಗಂಟೆ ಬೇಸರವಾಗುತ್ತದೆ. ಬಾಡಿಗೆ ಮನೆಯೋ ಸ್ವಂತದ್ದೋ, ಮಾಲೀಕರ ಒಪ್ಪಿಗೆ ಇದೆಯೋ, ಮನೆಯಲ್ಲಿ ಯಾರಾದರೂ ಬೇಡ ಅನ್ನುತ್ತಿದ್ದಾರೋ, ಊರಿಗೆ ಹೋದಾಗ ಯಾರು ನೋಡುತ್ತಾರೆ, ಹಗಲೆಲ್ಲ ಸರಪಳಿಯಲ್ಲಿ ಕಟ್ಟುತ್ತೀರೋ. ಕನ್ಯೆ ಕೇಳಲು ಬಂದವರನ್ನೂ ಇಷ್ಟು ವಿಚಾರಿಸುವುದಿಲ್ಲ ಎಂದು ಗೊಣಗುತ್ತಾರೆ. ಆದರೆ ಆ ಪ್ರಶ್ನೆಗಳೆಲ್ಲ ಮರಳಿ ಬಂದ ನಾಯಿಗಳಿಂದ ಕಲಿತವು. ಮನೆಗೆ ಹೋದ ಮೊದಲ ಮೂರು ದಿನ ನಾಯಿ ಮಂಚದ ಕೆಳಗೇ ಇರುತ್ತದೆ, ಮೂರನೇ ವಾರಕ್ಕೆ ಚಪ್ಪಲಿ ಕಡಿಯುತ್ತದೆ, ಮನೆಯ ನಾಯಿಯಾಗುವುದು ಮೂರನೇ ತಿಂಗಳಿಗೆ. ಚಪ್ಪಲಿಯ ವಾರದಲ್ಲೇ ಹೆಚ್ಚು ನಾಯಿಗಳು ವಾಪಸು ಬರುತ್ತವೆ. ಆ ವಾರ ಒಂದು ಫೋನ್ ಮಾಡುವ ಸಂಸ್ಥೆಗೂ ಮಾಡದ ಸಂಸ್ಥೆಗೂ ಇರುವ ವ್ಯತ್ಯಾಸ ಯಾವ ವಾರ್ಷಿಕ ವರದಿಯಲ್ಲೂ ಕಾಣುವುದಿಲ್ಲ.

ದತ್ತು ಎಂಬುದನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದ್ದು ಸಂಸ್ಥೆಗಳಿಗಿಂತ ಒಂದು ಸಿನಿಮಾ. 2022ರ ಜೂನ್‌ನಲ್ಲಿ ತೆರೆಕಂಡ ಕಿರಣ್‌ರಾಜ್ ನಿರ್ದೇಶನದ ‘777 ಚಾರ್ಲಿ’ಯಲ್ಲಿ ಮರಿ ಮಾರುವವನ ಹಿಂಸೆಯಿಂದ ತಪ್ಪಿಸಿಕೊಂಡ ನಾಯಿಯೊಂದು ಒಂಟಿ ಕಾರ್ಮಿಕನ ಮನೆ ಸೇರುತ್ತದೆ. ಆಗ ಮುಖ್ಯಮಂತ್ರಿಯಾಗಿದ್ದವರು ಹುಬ್ಬಳ್ಳಿಯ ಬಸವರಾಜ ಬೊಮ್ಮಾಯಿ. ಹಿಂದಿನ ವರ್ಷವಷ್ಟೇ ತಮ್ಮ ಮನೆಯ ನಾಯಿ ಸನ್ನಿಯನ್ನು ಕಳೆದುಕೊಂಡಿದ್ದ ಅವರು ಸಿನಿಮಾ ನೋಡಿ ಕಣ್ಣೀರು ಹಾಕಿದರು, ಚಿತ್ರಕ್ಕೆ ರಾಜ್ಯದ ತೆರಿಗೆ ವಿನಾಯಿತಿಯೂ ಸಿಕ್ಕಿತು. ಥಿಯೇಟರಿನಿಂದ ಅಳುತ್ತ ಬಂದವರಲ್ಲಿ ಕೆಲವರು ಆಶ್ರಯತಾಣಕ್ಕೆ ಹೋದರು. ಇನ್ನು ಕೆಲವರು ಲ್ಯಾಬ್ರಡಾರ್ ಮರಿ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರು. ಮುಧೋಳದ ನಾಯಿಗೂ ಇದೇ ಗತಿ. 2005ರಲ್ಲಿ ಅಂಚೆಚೀಟಿ, 2020ರಲ್ಲಿ ಪ್ರಧಾನಿಯ ‘ಮನ್ ಕಿ ಬಾತ್’ನಲ್ಲಿ ಹೆಸರು. ಹೊಲದ ತುಂಬ ಓಡಬೇಕಾದ ನಾಯಿಯನ್ನು ಮೂರನೇ ಮಹಡಿಯ ಮನೆಗೆ ಒಯ್ದರೆ ಅದು ಸೋಫಾ ಹರಿಯದೆ ಇನ್ನೇನು ಮಾಡೀತು? 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಕ್ರೂರ ಎಂದು ಪಟ್ಟಿ ಮಾಡಿ ಸುತ್ತೋಲೆ ಹೊರಡಿಸಿದಾಗ, ಆ ತಳಿಯ ನಾಯಿಗಳನ್ನೂ ಜನ ಬೀದಿಗೆ ಬಿಟ್ಟಾರು ಎಂದು ಸಾಕುವವರು, ಸಂಸ್ಥೆಯವರು ಹೆದರಿದರು. ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು.

ಬಿಟ್ಟುಹೋದ ನಾಯಿ ಎಲ್ಲಿಗೆ ಬರುತ್ತದೆ ಎಂಬುದನ್ನು ಉಪ್ಪಿನಬೆಟಗೇರಿಯ ಹೊಲದ ದಾರಿಗಳಲ್ಲಿ ನೋಡಬಹುದು. ಪೇಟೆಯ ಕಡೆಯಿಂದ ಬಂದ ಕಾರು ನಿಲ್ಲುತ್ತದೆ, ಹಿಂದಿನ ಬಾಗಿಲು ತೆರೆದುಕೊಳ್ಳುತ್ತದೆ, ಕೊರಳಲ್ಲಿ ಪಟ್ಟಿ ಇರುವ ನಾಯಿ ಇಳಿಯುತ್ತದೆ, ಕಾರು ಹೋಗುತ್ತದೆ. ನಾಯಿ ಒಂದಷ್ಟು ದೂರ ಓಡಿ, ಮತ್ತೆ ಇಳಿದ ಜಾಗಕ್ಕೇ ಬಂದು ಕೂರುತ್ತದೆ. ಯಾವ ಕಾರು ಬಂದರೂ ಎದ್ದು ನಿಲ್ಲುತ್ತದೆ. ಹೊಲಕ್ಕೆ ಹೊರಟ ಹೆಣ್ಣುಮಕ್ಕಳು ಬುತ್ತಿಯಿಂದ ಮುರಿದು ಹಾಕಿ ನೋಡುತ್ತಾರೆ. “ರೊಟ್ಟಿ ಮೂಸೂದನೂ ಇಲ್ರಿ ಇದು, ಏನ ಹಾಕಿ ಬೆಳಸಿದ್ರೋ ಯವ್ವಾ!” ಅನ್ನುತ್ತಾರೆ. ಡಬ್ಬಿಯ ಆಹಾರದ ಮೇಲೆ ಬೆಳೆದ ನಾಯಿ ಜೋಳದ ರೊಟ್ಟಿಗೆ ಇಳಿಯಲು ಎರಡು ದಿನ ಬೇಕು. ಅಷ್ಟರೊಳಗೆ ಓಣಿಯ ನಾಯಿಗಳು ಅದನ್ನು ಹರಿದು ಹಾಕದಿದ್ದರೆ ಅದರ ಪುಣ್ಯ.

ಇಂಥ ನಾಯಿಗೆ ನಮ್ಮಲ್ಲಿ ಸದ್ಯಕ್ಕಿರುವುದು ಏನು? 1962ರಲ್ಲಿ ಆದ ಹುಬ್ಬಳ್ಳಿ–ಧಾರವಾಡ ಮಹಾನಗರ ಪಾಲಿಕೆಯ ಸರಹದ್ದು ನಮ್ಮೂರಿಗೆ ಬರುವುದಿಲ್ಲ. ಇಲ್ಲಿಯದು ಗ್ರಾಮ ಪಂಚಾಯ್ತಿ. ಜಿಲ್ಲೆಗೊಂದು ಪ್ರಾಣಿದಯಾ ಸಂಘ ಇರಬೇಕು, ಅದಕ್ಕೊಂದು ಆಸ್ಪತ್ರೆ, ಆಶ್ರಯತಾಣ ಇರಬೇಕು ಎಂದು 2001ರದೇ ಇನ್ನೊಂದು ನಿಯಮ ಹೇಳಿದೆ. 2023ರ ಹೊಸ ನಿಯಮಗಳು ಸಂತಾನಹರಣ, ಲಸಿಕೆಯ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹಾಕಿದವು, ಅದರಲ್ಲಿ ಪಂಚಾಯ್ತಿಯೂ ಸೇರಿತು. 2025ರಲ್ಲಿ ಸುಪ್ರೀಂ ಕೋರ್ಟ್ ಮೂರು ಮುಖ್ಯ ಆದೇಶಗಳನ್ನು ಹೊರಡಿಸಿತು. ಆಗಸ್ಟ್ 11ರದ್ದು ದಿಲ್ಲಿಯ ನಾಯಿಗಳನ್ನೆಲ್ಲ ಹಿಡಿದು ಒಳಗೆ ಹಾಕಿ ಎಂದಿತು. ಆಗಸ್ಟ್ 22ರದ್ದು ಅದನ್ನು ತಿದ್ದಿ, ರೇಬಿಸ್ ಇರುವವು ಮತ್ತು ಮೈಮೇಲೆ ಬೀಳುವವುಗಳನ್ನು ಬಿಟ್ಟು ಉಳಿದವಕ್ಕೆ ಚಿಕಿತ್ಸೆ, ಲಸಿಕೆ ಕೊಟ್ಟು ಅದೇ ಜಾಗಕ್ಕೆ ಬಿಡಿ, ಅನ್ನ ಹಾಕುವ ಜಾಗ ಗೊತ್ತುಮಾಡಿ ಎಂದಿತು. ನವೆಂಬರ್ 7ರದ್ದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಹಿಡಿದವನ್ನು ಮತ್ತೆ ಅಲ್ಲಿಗೆ ಬಿಡಬೇಡಿ ಎಂದಿತು. ಬಿಡದೆ ಎಲ್ಲಿಡಬೇಕು ಎಂಬ ಪ್ರಶ್ನೆ ಈಗ ಪ್ರತಿ ಊರಿನ ಮುಂದಿದೆ. ಶಾಲೆಯೂ ಬಸ್ ನಿಲ್ದಾಣವೂ ಎಲ್ಲ ಊರಲ್ಲೂ ಇವೆ, ಆಶ್ರಯತಾಣ ಇಲ್ಲ.

ಹಳ್ಳಿಗೆ ಬೆಂಗಳೂರಿನಂಥ ಕೇಂದ್ರ ಬರಲಿ ಎಂದು ನಾನು ಕೇಳುವುದಿಲ್ಲ. ಬಂದರೆ ಅದು ವರ್ಷದೊಳಗೆ ತುಂಬಿಹೋಗುತ್ತದೆ. ದನದ ದವಾಖಾನೆಯ ಪಕ್ಕ ನಾಲ್ಕು ಗೂಡು, ಚಿಕಿತ್ಸೆಯಾದ ನಾಯಿಯನ್ನು ನಾಲ್ಕೈದು ದಿನ ನೋಡಿಕೊಳ್ಳುವಷ್ಟು ಅನುಕೂಲ, ಹಿಡಿಯಲು ಬಲೆ, ಧಾರವಾಡದಿಂದ ತಿಂಗಳಿಗೊಮ್ಮೆ ಬರುವ ಶಸ್ತ್ರವೈದ್ಯರು ಇಷ್ಟಾದರೆ ಈ ಊರಿನ ಮಟ್ಟಿಗೆ ಸಾಕು. ಕಾರಿನಿಂದ ಇಳಿದ ನಾಯಿಯ ಫೋಟೊವನ್ನು ಅದೇ ದಿನ ಧಾರವಾಡ, ಹುಬ್ಬಳ್ಳಿಯ ನಾಯಿಪ್ರಿಯರ ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕುವ ಹುಡುಗರು ಈಗಲೇ ಇದ್ದಾರೆ. ಕಾರಿನ ನಂಬರ್ ಬರೆದುಕೊಂಡವರಿಗೆ ಪೊಲೀಸ್ ಠಾಣೆಗೆ ಹೋಗಲು 11ನೇ ಕಲಮು ಸಾಕು, ದಂಡ ಐವತ್ತೇ ಆಗಿರಲಿ. ಲಸಿಕೆಯಂತೂ ಸೆಪ್ಟೆಂಬರ್ 28ರ ರೇಬಿಸ್ ದಿನದ ಆಸುಪಾಸು ಪಶು ಆಸ್ಪತ್ರೆಗಳಲ್ಲಿ ಪುಕ್ಕಟೆ ಹಾಕುತ್ತಾರೆ. ಮೂರು ತಿಂಗಳು ತುಂಬಿದ ಮರಿಯಿಂದ ಹಿಡಿದು ಯಾವ ನಾಯಿಯನ್ನಾದರೂ ಒಯ್ಯಬಹುದು, ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕು. ಅಲ್ಲಿಯ ಪುಸ್ತಕದಲ್ಲಿ ಮಾಲೀಕರ ಹೆಸರಿಗೊಂದು ಕಾಲಮು ಇರುತ್ತದೆ. ಓಣಿಯ ನಾಯಿಯನ್ನು ಹೆಗಲ ಮೇಲೆ ಹೊತ್ತು ತಂದ ಹುಡುಗರು ಅಲ್ಲಿ ತಮ್ಮದೇ ಹೆಸರು ಬರೆಸಬೇಕಾಗುತ್ತದೆ, ಮನೆಯಲ್ಲಿ ಬೈಸಿಕೊಳ್ಳುವುದು ಆಮೇಲಿನ ಮಾತು.